ವಿಮೆಗೆ ಕೊಟ್ಟ ಕಾಗದ ಊರಿಗೆಲ್ಲ ಗೊತ್ತಾಗಬೇಕೆ?

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಇಪ್ಪತ್ತು ವರ್ಷದ ಮಗಳನ್ನು ವಿಜಯಪುರದ ನಮ್ಮ ದವಾಖಾನೆಗೆ ಕರೆತಂದಿದ್ದರು. ಹುಡುಗಿಗೆ ಒಂದೇ ದಿನ ಎರಡು ಸಲ ಫಿಟ್ಸ್ ಬಂದಿತ್ತು. ಮೂರು ದಿನ ಒಳರೋಗಿಯಾಗಿದ್ದಳು. ನರರೋಗ ತಜ್ಞರು ಬಂದು ನೋಡಿದರು, ಮಾತ್ರೆ ಶುರುವಾಯಿತು, ಹುಡುಗಿ ಚೇತರಿಸಿಕೊಂಡಳು. ಬಿಡುಗಡೆಯ ದಿನ ತಂದೆ ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು:

"ಸಾಹೇಬ್ರ, ಡಿಸ್ಚಾರ್ಜ್ ಕಾರ್ಡಿನ್ಯಾಗ ಫಿಟ್ಸ್ ಅಂತ ಬರೀಬ್ಯಾಡ್ರಿ. ಜ್ವರ ಅಂತ ಬರದ್ ಕೊಡ್ರಿ. ನಾಳೆ ಇದನ್ನ ವಿಮಾದವ್ರಿಗೆ ಕೊಡಬೇಕು. ಏಜೆಂಟ ನಮ್ಮ ಊರಾಂವಽ ಅದಾನ. ಹುಡುಗಿ ಲಗ್ನದ ಮಾತು ನಡದೈತಿ."

ಬಬಲೇಶ್ವರ ಕಡೆಯ ಇನ್ನೊಂದು ಕುಟುಂಬದ ಕಥೆ ಇದಕ್ಕಿಂತ ನೋವಿನದು. ಆ ಮನೆಯ ತಾಯಿ ಖಿನ್ನತೆಯಿಂದ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಗಂಡನ ನೌಕರಿಯ ಕಡೆಯಿಂದ ವಿಮೆ ಇತ್ತು. ಆದರೆ ಕಾಗದಗಳು ಆಫೀಸಿನ ಮೇಜಿನಿಂದ ಮೇಜಿಗೆ ಹೋಗುತ್ತವೆಂದು ಹೆದರಿ ಅವರು ಹಣವನ್ನೇ ಕೇಳಲಿಲ್ಲ. ಬಂಗಾರ ಒತ್ತೆ ಇಟ್ಟು ಬಿಲ್ಲು ತೀರಿಸಿದರು. ಗುರುತು ಸಿಗಬಾರದೆಂದು ಎರಡೂ ಕಡೆ ವಿವರಗಳನ್ನು ಕೊಂಚ ಬದಲಿಸಿದ್ದೇನೆ.

ಒಬ್ಬರು ಸುಳ್ಳು ಬರೆಸಲು ಬಂದರು, ಇನ್ನೊಬ್ಬರು ತಮಗೆ ಬರಬೇಕಾದ ಹಣವನ್ನೇ ಬಿಟ್ಟರು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಕಂಪನಿಗೆ ನಿಜವನ್ನೇ ಹೇಳಬೇಕು, ಉಳಿದವರಿಗೆ ಬಾಗಿಲು ಹಾಕಬೇಕು.

ಸುಳ್ಳು ಬರೆದರೆ ಏನಾಗುತ್ತದೆ?

ಆ ರೈತರಿಗೆ ನಾನು ಹೇಳಿದ್ದಿಷ್ಟು: "ಕಾಕಾ, ಕಾರ್ಡಿನ್ಯಾಗ ಜ್ವರ ಅಂತ ಬರದರೂ ಔಷಧ ಅಂಗಡಿ ಬಿಲ್ಲಿನ್ಯಾಗ ಫಿಟ್ಸಿನ ಮಾತ್ರೆ ಇರತಾವ." ಒಂದಕ್ಕೊಂದು ತಾಳೆಯಾಗದ ಕಾಗದ ಕಂಡರೆ ಕಂಪನಿ ಹಣ ತಡೆಹಿಡಿಯುತ್ತದೆ. ಮೋಸವೆಂದು ಸಾಬೀತಾದರೆ ಪಾಲಿಸಿಯೇ ರದ್ದಾಗಬಹುದು. ಬರೆದುಕೊಟ್ಟ ವೈದ್ಯನೂ ತಪ್ಪಿತಸ್ಥ.

ಹಣಕ್ಕಿಂತ ದೊಡ್ಡ ಮಾತು ಹುಡುಗಿಯ ಆರೋಗ್ಯದ್ದು. ಫಿಟ್ಸಿನ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಅಪಾಯ. ಅವುಗಳಲ್ಲಿ ಕೆಲವನ್ನು ಗರ್ಭ ಧರಿಸುವ ಮೊದಲೇ ಬದಲಾಯಿಸಬೇಕಾಗುತ್ತದೆ. ಮುಂದೆ ಬೇರೆ ಊರಿನಲ್ಲಿ ಬೇರೆ ವೈದ್ಯರು ಅವಳನ್ನು ನೋಡುವಾಗ "ಜ್ವರ" ಎಂಬ ಕಾರ್ಡು ಅವರ ದಾರಿ ತಪ್ಪಿಸುತ್ತದೆ. ಸರಿಯಾಗಿ ಔಷಧ ತೆಗೆದುಕೊಂಡರೆ ನೂರರಲ್ಲಿ ಸುಮಾರು ಎಪ್ಪತ್ತು ಜನರಿಗೆ ಫಿಟ್ಸ್ ಬರದಂತೆ ತಡೆಯಬಹುದು. ಮೂರ್ಛೆ ರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ.

ಪಾಲಿಸಿ ಕೊಳ್ಳುವಾಗಲೂ ಇದೇ ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅರ್ಜಿಯಲ್ಲಿ ಬರೆಯಲೇಬೇಕು. ಕಂಪನಿಯಿಂದ ರೋಗ ಮುಚ್ಚಿಡುವುದಕ್ಕೆ ಖಾಸಗಿತನ ಎನ್ನುವುದಿಲ್ಲ.

ಯಾರಿಗೆ ನೋಡುವ ಹಕ್ಕಿದೆ?

ನಿಮ್ಮ ಕಾಗದ ನೋಡಬೇಕಾದವರು ಮೂವರೇ: ಚಿಕಿತ್ಸೆ ಕೊಟ್ಟ ಆಸ್ಪತ್ರೆ, ವಿಮಾ ಕಂಪನಿ, ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎ ಸಂಸ್ಥೆ. ಕ್ಲೇಮು ಫಾರ್ಮಿನ ಕೊನೆಯಲ್ಲಿ, ಆಸ್ಪತ್ರೆಯಿಂದ ದಾಖಲೆ ತರಿಸಿಕೊಳ್ಳಲು ಕಂಪನಿಗೆ ನೀವು ಒಪ್ಪಿಗೆ ಕೊಡುವ ಸಾಲುಗಳಿರುತ್ತವೆ. ಅವನ್ನು ಓದಿಯೇ ಸಹಿ ಮಾಡಿ. ಆ ಒಪ್ಪಿಗೆ ಕ್ಲೇಮಿನ ಪರಿಶೀಲನೆಗೆ ಮಾತ್ರ. ನೆರೆಯವರಿಗೆ, ಸಂಬಂಧಿಕರಿಗೆ, ಆಫೀಸಿನ ಗೆಳೆಯರಿಗೆ ತೋರಿಸಲು ಅಲ್ಲ.

ರೋಗಿಯ ಗುಟ್ಟು ಕಾಯಬೇಕೆಂಬುದು ವೈದ್ಯರಿಗೆ ಕಟ್ಟಳೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳ ಪ್ರಕಾರ, ನ್ಯಾಯಾಲಯದ ಆದೇಶ, ಇತರರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇಂಥ ಸಂದರ್ಭಗಳನ್ನು ಬಿಟ್ಟು ವೈದ್ಯ ಬಾಯಿ ಬಿಡುವಂತಿಲ್ಲ. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆಯ ಪ್ರತಿ ಕೊಡಬೇಕೆಂಬುದೂ ಅದೇ ನಿಯಮದಲ್ಲಿದೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ದೇಹದ ರೋಗಕ್ಕೆ ಇರುವಂತೆಯೇ ಮನಸ್ಸಿನ ರೋಗಕ್ಕೂ ವಿಮೆ ಇರಬೇಕೆಂದು ಹೇಳಿದೆ. ಬಬಲೇಶ್ವರದ ಆ ತಾಯಿಗೆ ಇವೆರಡೂ ಗೊತ್ತಿರಲಿಲ್ಲ. ಎಚ್ಐವಿ ಸೋಂಕಿನ ವಿಷಯದಲ್ಲಿ ಲಿಖಿತ ಒಪ್ಪಿಗೆಗೆ ಇನ್ನೂ ಬಿಗಿಯಾದ ಕಾಯ್ದೆ 2018ರಿಂದ ಜಾರಿಯಲ್ಲಿದೆ.

ಗುಟ್ಟು ಸೋರುವುದು ಎಲ್ಲಿ?

ದೊಡ್ಡ ಕಂಪನಿಯಲ್ಲೂ ಸೋರಬಹುದು. ಚೆನ್ನೈನ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ವಿವರಗಳು, ವೈದ್ಯಕೀಯ ವರದಿಗಳೂ ಸೇರಿ, ಟೆಲಿಗ್ರಾಂನಲ್ಲಿ ಸಿಗುತ್ತಿವೆಯೆಂದು 2024ರ ಸೆಪ್ಟೆಂಬರಿನಲ್ಲಿ ಸುದ್ದಿಯಾಯಿತು. ತನ್ನ ಮೇಲೆ ಸೈಬರ್ ದಾಳಿ ನಡೆದದ್ದನ್ನು ಕಂಪನಿಯೇ ಒಪ್ಪಿಕೊಂಡಿತು, ಮದ್ರಾಸ್ ಹೈಕೋರ್ಟಿಗೂ ಹೋಯಿತು. ಅದನ್ನು ತಡೆಯುವುದು ಕಂಪನಿಯ ಮತ್ತು ಸರ್ಕಾರದ ಕೆಲಸ.

ಆದರೆ ನಮ್ಮೂರುಗಳಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ಹತ್ತಿರದಲ್ಲೇ. ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿ ಬುಟ್ಟಿಗೆ ಬೀಳುತ್ತದೆ, ನಾಳೆ ಅದರಲ್ಲೇ ಭಜಿ ಕಟ್ಟಿಕೊಡುತ್ತಾರೆ. ಏಜೆಂಟನ ಫೋನಿಗೆ ಕಳಿಸಿದ ಫೋಟೋ ಗ್ರೂಪಿಗೆ ಹೋಗುತ್ತದೆ. ಸೊಲ್ಲಾಪುರ, ಮಿರಜಗಳಲ್ಲಿ ಚಿಕಿತ್ಸೆ ಪಡೆದವರು ಮತ್ತೆ ಅಷ್ಟು ದೂರ ಹೋಗಲಾರದೆ ಯಾರದೋ ಫೋನಿಗೆ ವರದಿ ತರಿಸಿಕೊಳ್ಳುತ್ತಾರೆ. ನನ್ನ ದವಾಖಾನೆಯಲ್ಲೂ ತಪ್ಪು ನಡೆಯುತ್ತಿತ್ತು. ವಿಮಾ ಫಾರ್ಮು ತುಂಬುವಾಗ ನಮ್ಮ ಹುಡುಗ ಹೊರಗಿನ ಬಾಕಿನ ಮೇಲೆ ಕುಳಿತವರೆಲ್ಲ ಕೇಳುವಂತೆ "ಯಾವ ರೋಗ ರೀ ಇವ್ರದು?" ಎಂದು ಕೂಗುತ್ತಿದ್ದ. ಈಗ ಆ ಕೆಲಸ ಒಳಕೋಣೆಯಲ್ಲಿ ನಡೆಯುತ್ತದೆ.

ನೀವು ಮಾಡಬೇಕಾದದ್ದು

ಆಸ್ಪತ್ರೆ ಬಿಡುವ ಮೊದಲೇ ಡಿಸ್ಚಾರ್ಜ್ ಕಾರ್ಡು, ಬಿಲ್ಲು, ವರದಿಗಳನ್ನು ಕೈಗೆ ತೆಗೆದುಕೊಳ್ಳಿ. ಮೂಲಪ್ರತಿ ಕಂಪನಿಗೆ ಹೋಗುವುದರಿಂದ ಒಂದು ನಕಲು ನಿಮ್ಮಲ್ಲಿರಲಿ.

ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ. ಬರೆಯಲು ಬಾರದಿದ್ದರೆ ಓದಿದ ಮಕ್ಕಳಿಂದ ತುಂಬಿಸಿ.

ಝೆರಾಕ್ಸ್ ಮಾಡಿಸುವಾಗ ಎದುರಿಗೆ ನಿಲ್ಲಿ, ಕೆಟ್ಟ ಪ್ರತಿಯನ್ನೂ ಕೇಳಿ ಪಡೆಯಿರಿ. ಅಂಗಡಿಯ ಕಂಪ್ಯೂಟರಿಗೆ ಕಳಿಸಿದ್ದನ್ನು ಕಣ್ಣೆದುರೇ ಅಳಿಸಿಸಿ.

ಆಧಾರ್ ನಕಲಿನ ಮೇಲೆ "ಈ ಕ್ಲೇಮಿಗೆ ಮಾತ್ರ" ಎಂದು ಬರೆದು ತಾರೀಖು ಹಾಕಿ. ಕಂಪನಿ ಒಪ್ಪುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ.

ಏಜೆಂಟರ ಸಹಾಯ ಪಡೆಯಿರಿ, ತಪ್ಪಿಲ್ಲ. ಆದರೆ ಕಾಗದವನ್ನು ಕಂಪನಿಯ ಶಾಖೆಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಕೊಟ್ಟು ರಸೀದಿ ಪಡೆಯಿರಿ, ಇಲ್ಲವೇ ಕಂಪನಿಯ ಸ್ವಂತ ಆ್ಯಪಿನಲ್ಲಿ ಹಾಕಿ. ನೌಕರರ ಗುಂಪು ವಿಮೆಯಿದ್ದರೆ ಟಿಪಿಎಗೆ ನೇರವಾಗಿ ಕಳಿಸಬಹುದೇ ಎಂದು ವಿಚಾರಿಸಿ.

ಹಳೆಯ ರೋಗದ ಕಾಗದ ಕೇಳಿದರೆ, ಯಾವುದು, ಏಕೆ ಬೇಕೆಂದು ಕ್ಲೇಮು ನಂಬರಿನೊಂದಿಗೆ ಬರವಣಿಗೆಯಲ್ಲಿ ಕೇಳಲು ಹೇಳಿ. ಕೇಳಿದ್ದು ಈ ಕ್ಲೇಮಿಗೆ ಸಂಬಂಧಿಸಿದ್ದರೆ ಕೊಡಿ.

ತನಿಖೆಗೆಂದು ಮನೆಗೆ ಯಾರಾದರೂ ಬಂದರೆ ಗುರುತಿನ ಚೀಟಿ, ಕಂಪನಿಯ ಪತ್ರ ನೋಡಿ, ಒಳಗೆ ಕೂಡಿಸಿ ಮಾತಾಡಿ. ಕಟ್ಟೆಯ ಮೇಲೆ ಬೇಡ.

"ನಿಮ್ಮ ಕ್ಲೇಮು ಪಾಸಾಗಿದೆ, ಒಟಿಪಿ ಹೇಳಿ" ಎಂಬ ಫೋನು ಬಂದರೆ ಇಟ್ಟುಬಿಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿಯ ಕಡೆಯಿಂದಲೇ ಗುಟ್ಟು ಹೊರಬಿದ್ದರೆ ಅದರ ದೂರು ಅಧಿಕಾರಿಗೆ ಬರೆದುಕೊಡಿ. ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಯಿದೆ. ಹಣ ಕೊಡಲು ನಿರಾಕರಿಸಿದ ತಕರಾರಿಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ.

ಮನೆಯೊಳಗಿನ ಮಾತು

ಕೊನೆಯದಾಗಿ ಒಂದು ಸಂಗತಿ. ಪಾಲಿಸಿ ಸಾಮಾನ್ಯವಾಗಿ ಮನೆಯ ಯಜಮಾನರ ಹೆಸರಿನಲ್ಲಿರುತ್ತದೆ. ಕಂಪನಿಯ ಪತ್ರ, ಸಂದೇಶ ಅವರಿಗೇ ಬರುತ್ತವೆ. ಆದರೆ ರೋಗ ಹೆಂಡತಿಯದೋ ವಯಸ್ಸಿಗೆ ಬಂದ ಮಗಳದೋ ಆಗಿರುತ್ತದೆ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂದು ಅವರನ್ನು ಕೇಳುವವರು ಕಡಿಮೆ.

ಆ ದಿನ ನಾನು ತಿಕೋಟಾದ ಹುಡುಗಿಯನ್ನೇ ಒಳಗೆ ಕರೆದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತಂದೆಯ ಕಡೆ ತಿರುಗಿ ಹೇಳಿದಳು: "ಅಪ್ಪಾ, ನಿಜಾನಽ ಬರಸು. ನೋಡಾಕ ಬಂದವ್ರಿಗೆ ನಾನಽ ಹೇಳ್ತೀನಿ. ಆದ್ರ ಏಜೆಂಟನ ಫೋನಿನ್ಯಾಗಿಂದ ಅವ್ರಿಗೆ ಗೊತ್ತಾಗೂದು ಬ್ಯಾಡ."

ಕಾರ್ಡಿನಲ್ಲಿ ಇದ್ದದ್ದನ್ನೇ ಬರೆದೆ. ತಂದೆ ಲಕೋಟೆಗೆ ಅಂಟು ಹಚ್ಚಿ, ವಿಜಯಪುರದ ಶಾಖೆಗೆ ತಾವೇ ಹೋಗಿ ಕೊಟ್ಟು ರಸೀದಿ ತಂದರು. ಹಣ ಬಂತು. ಹುಡುಗಿ ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಾಳೆ. ಲಗ್ನದ ಮಾತು ಏನಾಯಿತೆಂದು ಓದುಗರು ಕೇಳಬಹುದು. ಅದನ್ನು ಹೇಳಬೇಕಾದವಳು ಅವಳು, ನಾನಲ್ಲ.