ಎಲುಬಿನೊಳಗಣ ಗಂಟು

ನಾಲ್ಕೈದು ವರ್ಷದ ಮಗು. ಎಣ್ಣೆ ನೀರು ಹಾಕುವಾಗ ಅದರ ಬೆರಳಿನಲ್ಲೊಂದು ಗಟ್ಟಿ ಗಂಟು ತಾಯಿಯ ಕೈಗೆ ತಗಲುತ್ತದೆ. ಒತ್ತಿದರೆ ಮಗು ಅಳುವುದಿಲ್ಲ. ಬಾಗಿಲ ಸಂದಿಗೆ ಸಿಕ್ಕಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಇನ್ನೆರಡು ಬೆರಳುಗಳು ಉಬ್ಬುತ್ತವೆ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವೆಂಬುದು ನಡಿಗೆಯಲ್ಲಿಯೇ ಕಾಣತೊಡಗುತ್ತದೆ. ‘ಒಲಿಯೇ ರೋಗ’ವು ಅನೇಕ ವೇಳೆ ಮನೆಯನ್ನು ಹೊಗುವುದು ಹೀಗೆ, ಸದ್ದಿಲ್ಲದೆ. ಲಕ್ಷಕ್ಕೊಬ್ಬರಲ್ಲಿ ಕಾಣುವ ವಿರಳ ವ್ಯಾಧಿಯೆಂದು ವೈದ್ಯರ ಅಂದಾಜು.

ಫ್ರಾನ್ಸಿನ ಲಿಯೋನ್ ನಗರದ ಶಸ್ತ್ರವೈದ್ಯ ಲೂಯಿ ಒಲಿಯೇ ಎಲುಬಿನ ಬೆಳವಣಿಗೆಯನ್ನು ಜೀವಮಾನವೆಲ್ಲ ಅಭ್ಯಸಿಸಿದವನು. 1895ರಲ್ಲಿ ಕ್ಷ-ಕಿರಣಗಳು ಬೆಳಕಿಗೆ ಬಂದ ಕೆಲವೇ ವರ್ಷಗಳಲ್ಲಿ ಅವನು ಈ ರೋಗವನ್ನು ವರ್ಣಿಸಿದನು, 1900ರಲ್ಲಿ ತೀರಿಕೊಂಡನು. ಇಂಥವೇ ಗಂಟುಗಳೊಡನೆ ರಕ್ತನಾಳಗಳ ಗಂಟುಗಳೂ ಸೇರಿರುವ ಇನ್ನೊಂದು ಬಗೆಯನ್ನು ಇಟಲಿಯ ಆಂಜೆಲೊ ಮಫುಚ್ಚಿ 1881ರಲ್ಲಿಯೇ ಬರೆದಿಟ್ಟಿದ್ದನು.

ಕಿವಿಯನ್ನು ಮಡಿಸಿದರೆ ಬೆರಳಿಗೆ ಸಿಕ್ಕುವುದಲ್ಲ, ಅದೇ ಮೃದ್ವಸ್ಥಿ. ಕೈಕಾಲಿನ ಎಲುಬುಗಳೂ ಮೊದಲು ಇದೇ. ಬೆಳೆಯುವ ಮಕ್ಕಳಲ್ಲಿ ಎಲುಬಿನ ತುದಿಯ ಸಮೀಪ ಹೊಸ ಮೃದ್ವಸ್ಥಿ ಹುಟ್ಟುತ್ತ, ಹಿಂದಿನದು ಗಟ್ಟಿ ಎಲುಬಾಗುತ್ತ ಹೋಗುತ್ತದೆ. ಈ ರೋಗದಲ್ಲಿ ಅದರ ಕೆಲವು ಭಾಗಗಳು ಎಲುಬಾಗದೆ ಒಳಗೇ ದ್ವೀಪಗಳಂತೆ ಉಳಿದು ಊದಿಕೊಳ್ಳುತ್ತವೆ. ಎಲುಬು ಗಿಡ್ಡಾಗುತ್ತದೆ, ಬಾಗುತ್ತದೆ, ಸಣ್ಣ ಪೆಟ್ಟಿಗೇ ಮುರಿಯುತ್ತದೆ. ದೇಹದ ಒಂದೇ ಪಾರ್ಶ್ವದಲ್ಲಿ ಉಪದ್ರವ ಹೆಚ್ಚಿರುವುದು ಇದರ ವೈಚಿತ್ರ್ಯ.

ಈ ಪಕ್ಷಪಾತದ ಗುಟ್ಟು 2011ರಲ್ಲಿ ಬಹುಮಟ್ಟಿಗೆ ಬಯಲಾಯಿತು. ಐಡಿಎಚ್ ಎಂಬ ಹೆಸರಿನ ಎರಡು ಜೀನುಗಳಲ್ಲಿ ಒಂದು, ಭ್ರೂಣದ ಯಾವುದೋ ಒಂದು ಜೀವಕೋಶದಲ್ಲಿ ಕೆಡುತ್ತದೆ. ಆ ಕೋಶದ ಸಂತತಿ ಹರಡಿದೆಡೆಯಲ್ಲಿ ಮಾತ್ರ ಗಂಟುಗಳೇಳುತ್ತವೆ. ತಂದೆತಾಯಿಗಳಿಂದ ಬಂದುದಲ್ಲ. ಬಸುರಿ ಗ್ರಹಣ ನೋಡಿದಳೆಂದು ಸೊಸೆಯನ್ನು ಹಂಗಿಸುವ ಅತ್ತೆಯರು ಇದನ್ನು ಗಮನಿಸುವುದು ಒಳ್ಳೆಯದು. ಎಲುಬಿನ ಹೊರಮೈಯಲ್ಲಿ ಮೊಳೆಯುವ ಗಂಟುಗಳ ರೋಗವೊಂದುಂಟು. ವಂಶದಲ್ಲಿ ಇಳಿದುಬರುವುದು ಅದು.

ಗಂಟನ್ನು ಕರಗಿಸುವ ಔಷಧ ಇನ್ನೂ ರೂಢಿಗೆ ಬಂದಿಲ್ಲ. ಗಿಡ್ಡಾದ ಕಾಲನ್ನು ಮಾತ್ರ ಉದ್ದಮಾಡಬಹುದು. ಸೈಬೀರಿಯದ ಕುರ್ಗಾನ್ ನಗರದಲ್ಲಿ ಗಾವ್ರಿಲ್ ಇಲಿಜಾರೋವ್ ರೂಪಿಸಿದ ವಿಧಾನದಂತೆ ಎಲುಬನ್ನು ಕತ್ತರಿಸಿ, ಉಕ್ಕಿನ ಬಳೆ ತಂತಿಗಳಿಂದ ಬಿಗಿದು, ದಿನಕ್ಕೆ ಒಂದು ಮಿಲಿಮೀಟರಿನಷ್ಟು ಎಳೆಯುತ್ತಾರೆ. ತೆರಪಿನಲ್ಲಿ ಹೊಸ ಎಲುಬು ಕೂಡಿಕೊಳ್ಳುತ್ತದೆ. ಐದು ಸೆಂಟಿಮೀಟರಿಗೆ ಐವತ್ತು ದಿನ. ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳು. ಮಗುವಿನಷ್ಟೇ ತಾಯಿಗೂ ಅದು ತಪಸ್ಸು.

ಬೆಳವಣಿಗೆ ನಿಂತ ಮೇಲೆ ಗಂಟುಗಳೂ ಸಾಮಾನ್ಯವಾಗಿ ಸುಮ್ಮನಾಗುತ್ತವೆ. ಪ್ರಾಯಕ್ಕೆ ಬಂದವರಲ್ಲಿ ಪೆಟ್ಟಿಲ್ಲದೆಯೇ ನೋವು ತೊಡಗಿದರೆ, ಹಳೆಯ ಗಂಟು ಮತ್ತೆ ದಪ್ಪವಾದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು: ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಬೆರಳುಗಳಿಗಿಂತ ತೊಡೆ ಸೊಂಟಗಳ ದೊಡ್ಡ ಎಲುಬುಗಳಲ್ಲಿ ಈ ಭಯ ಹೆಚ್ಚು.