ಹುಣಸೆ ಎಲೆ ಮಲಗುವ ಹೊತ್ತು: ಕೀಲು ಅಳೆದವರು ಕಂಡದ್ದು

ಹೊಸೂರಿನಿಂದ ರಾಯಕೋಟೆ ಕಡೆಗೆ ಹೊರಟರೆ ಸಾನಮಾವು ಕಾಡು ಸಿಗುತ್ತದೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಕರ್ನಾಟಕದ ಕಡೆಯಿಂದ ಜವಳಗಿರಿ ಹಾದು ಆನೆಗಳು ಇಲ್ಲಿಗೆ ಬರುತ್ತವೆ, ಸುತ್ತಲಿನ ಊರಿನವರು ರಾತ್ರಿಯೆಲ್ಲ ಹೊಲ ಕಾಯುತ್ತಾರೆ. ಅವರ ಸುತ್ತ ರಾಗಿ, ಅಕ್ಕಡಿ ಸಾಲಿನ ಅವರೆ, ತೊಗರಿ, ಪಕ್ಕದಲ್ಲಿ ಕಡಲೆಕಾಯಿ, ಬದುವಿನ ಮೇಲೆ ಹುಣಸೆ. ರಾಗಿಯನ್ನು ಬಿಟ್ಟರೆ ಉಳಿದವೆಲ್ಲ ಒಂದೇ ದ್ವಿದಳ ಕುಟುಂಬದವು, ಕತ್ತಲಾದ ಮೇಲೆ ಎಲೆಯ ಭಂಗಿ ಬದಲಿಸುವಂಥವು. ಎಲ್ಲರ ಕಣ್ಣಿಗೂ ಬೀಳುವ ಈ ಸಂಗತಿಯ ಬಗ್ಗೆ ತಪ್ಪು ತಿಳಿವಳಿಕೆಗಳೂ ಅಷ್ಟೇ ಇವೆ.

ತಪ್ಪು ಕಲ್ಪನೆ: ಬೆಳಕು ಹೋಯಿತು, ಎಲೆ ಮುಚ್ಚಿತು, ಬೆಳಕು ಬಂತು, ತೆರೆಯಿತು.

ವಾಸ್ತವ: ಬೆಳಕಿಗೆ ಪಾತ್ರವಿದೆ, ಆದರೆ ಯಜಮಾನಿಕೆ ಅದರದ್ದಲ್ಲ. ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೈರಾನ್ ಒಂದು ನಾಚಿಕೆ ಗಿಡವನ್ನು (ಮುಟ್ಟಿದರೆ ಮುನಿ) ಬಿಸಿಲು ತಾಗದ ಕಡೆ ಇಟ್ಟು ನೋಡಿದ. ಕತ್ತಲಲ್ಲಿಯೂ ಅದು ಹಗಲಿಗೆ ಎಲೆ ಬಿಚ್ಚಿ ಸಂಜೆಗೆ ಮುಚ್ಚುತ್ತಿತ್ತು. ಇದು ವರದಿಯಾದದ್ದು 1729ರಲ್ಲಿ. ಆಮೇಲೆ 1832ರಲ್ಲಿ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್, ಬಿಡದೆ ಬೆಳಕು ಕೊಟ್ಟರೆ ಇದೇ ಗಿಡದ ದಿನ 22–23 ಗಂಟೆಗೆ ಇಳಿಯುತ್ತದೆ ಎಂದು ತೋರಿಸಿದ. ಹೊರಗಿನ ಯಾವುದೋ ಸೂಚನೆಯನ್ನು ಗಿಡ ಹಿಂಬಾಲಿಸುತ್ತಿದ್ದರೆ ಲೆಕ್ಕ 24ಕ್ಕೇ ನಿಲ್ಲಬೇಕಿತ್ತು. ಆ ಒಂದೆರಡು ಗಂಟೆಯ ತಪ್ಪೇ ಗಡಿಯಾರ ಗಿಡದೊಳಗಿದೆ ಎಂಬುದಕ್ಕೆ ಸಾಕ್ಷಿ. 1930ರ ದಶಕದಲ್ಲಿ ಜರ್ಮನಿಯ ಎರ್ವಿನ್ ಬ್ಯೂನಿಂಗ್ ಬೇರೆ ಬೇರೆ ಲಯದ ಹುರುಳಿಕಾಯಿ ಗಿಡಗಳನ್ನು ಅಡ್ಡಹಾಯಿಸಿ, ಈ ಗಡಿಯಾರ ತಳಿಯಿಂದ ತಳಿಗೆ ಇಳಿದು ಬರುತ್ತದೆ ಎಂದು ಕಂಡುಕೊಂಡ. ಬೆಳಗಿನ ಜಾವ ಇನ್ನೂ ಮಸುಕಿರುವಾಗಲೇ ಹುರುಳಿಕಾಯಿ ಎಲೆ ಮೇಲೇಳತೊಡಗುವುದು ಈ ಒಳಗಿನ ಗಡಿಯಾರದಿಂದಲೇ.

ತಪ್ಪು ಕಲ್ಪನೆ: ರಾತ್ರಿ ಎಲೆ ಸುಸ್ತಾಗಿ ಜೋತುಬೀಳುತ್ತದೆ, ಅದು ಒಂದು ಬಗೆಯ ಬಾಡುವಿಕೆ.

ವಾಸ್ತವ: ಎಲ್ಲ ಎಲೆಗಳೂ ಜೋತುಬೀಳುವುದಿಲ್ಲ. ಹುರುಳಿಕಾಯಿ ಎಲೆ ಕೆಳಗಿಳಿಯುತ್ತದೆ ನಿಜ, ಪುಳಿಯಾರೆ ಸೊಪ್ಪಿನದ್ದೂ ಅಷ್ಟೇ. ಆದರೆ ಕಡಲೆಕಾಯಿ ಗಿಡದ ಪ್ರತಿ ಎಲೆಯ ನಾಲ್ಕು ದಳಗಳು ಜೋಡಿ ಜೋಡಿಯಾಗಿ ಮೇಲೆದ್ದು ಮುಖಕ್ಕೆ ಮುಖ ಕೂಡಿಸುತ್ತವೆ. ಸುಸ್ತಾದದ್ದು ಮೇಲಕ್ಕೇರುವುದಿಲ್ಲವಲ್ಲ.

ಕೆಲಸ ನಡೆಯುವುದು ಎಲೆತೊಟ್ಟಿನ ಬುಡದಲ್ಲಿ, ಎಲೆದಳದ ಬುಡದಲ್ಲಿ ಕಾಣುವ ತುಸು ಉಬ್ಬಿದ ಗೆಣ್ಣಿನಲ್ಲಿ. ಸಸ್ಯಶಾಸ್ತ್ರದವರು ಅದನ್ನು ಪಲ್ವೈನಸ್ ಎನ್ನುತ್ತಾರೆ, ಎಲೆಗೀಲು ಎಂದರೆ ನಮಗೆ ಸಾಕು. ಕೀಲಿನ ಒಂದು ಪಕ್ಕದ ಜೀವಕೋಶಗಳಿಗೆ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ನುಗ್ಗಿದರೆ ಅದರ ಬೆನ್ನಿಗೇ ನೀರೂ ನುಗ್ಗುತ್ತದೆ, ಆ ಪಕ್ಕ ಉಬ್ಬುತ್ತದೆ. ಎದುರು ಪಕ್ಕ ಅದೇ ಹೊತ್ತಿಗೆ ಕುಗ್ಗುತ್ತದೆ, ಎಲೆ ಕುಗ್ಗಿದ ಕಡೆಗೆ ವಾಲುತ್ತದೆ. 1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೂತ್ ಸ್ಯಾಟರ್ ಮತ್ತು ಆರ್ಥರ್ ಗಾಲ್ಸ್ಟನ್ ಈ ಪೊಟ್ಯಾಸಿಯಂ ಓಡಾಟವನ್ನು ಅಳೆದರು. ಅದಕ್ಕಾಗಿ ಸ್ಯಾಟರ್ ಬಳಸಿದ ಗಿಡಗಳಲ್ಲಿ ನಮ್ಮ ರಸ್ತೆಬದಿಯ ಮಳೆಮರವೂ ಒಂದು. ಅಂದರೆ ಮಲಗಲೂ ಗಿಡ ಶಕ್ತಿ ಖರ್ಚು ಮಾಡುತ್ತದೆ.

ಕೀಲಿಲ್ಲದೆಯೂ ಮಲಗುವ ಗಿಡಗಳಿವೆ. ಅವುಗಳಲ್ಲಿ ಬೆಳವಣಿಗೆಯೇ ಎಲೆಯನ್ನು ಬಾಗಿಸುತ್ತದೆ, ಎಲೆ ಬಲಿತ ಮೇಲೆ ಚಲನೆ ನಿಂತುಹೋಗುತ್ತದೆ. ಕೀಲಿರುವ ಹುಣಸೆಯಂಥವು ಎಲೆ ಉದುರುವವರೆಗೂ ಆಡುತ್ತಿರುತ್ತವೆ.

ತಪ್ಪು ಕಲ್ಪನೆ: ಮುಟ್ಟಿದರೆ ಮುನಿ ಮುಟ್ಟಿದಾಗ ಮುಚ್ಚುವುದೂ ರಾತ್ರಿ ಮುಚ್ಚುವುದೂ ಒಂದೇ.

ವಾಸ್ತವ: ನೋಟಕ್ಕೆ ಒಂದೇ, ಅಳತೆಗೆ ಬೇರೆ. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ 1848ರದ್ದು, ಎರ್ನ್ಸ್ಟ್ ಬ್ರೂಕೆ ಎಂಬ ಶರೀರಶಾಸ್ತ್ರಜ್ಞನದು. ಅವನಿಗೆ ಬೇಕಾದದ್ದು ಕೀಲು ಎಷ್ಟು ಬಿಗಿಯಾಗಿದೆ ಎಂಬ ಲೆಕ್ಕ. ಕುಂಡ ನೆಟ್ಟಗಿದ್ದಾಗ ಕಾಂಡಕ್ಕೂ ಎಲೆತೊಟ್ಟಿಗೂ ನಡುವಿನ ಕೋನ ಅಳೆದ. ಕುಂಡವನ್ನು ತಲೆಕೆಳಗು ಮಾಡಿ ಅದೇ ಕೋನ ಮತ್ತೆ ಅಳೆದ. ಎಲೆಯ ಭಾರ ಮೊದಲು ಒಂದು ಕಡೆಗೆ ಎಳೆಯುತ್ತಿತ್ತು, ಈಗ ಇನ್ನೊಂದು ಕಡೆಗೆ. ಎರಡು ಕೋನಗಳ ಅಂತರ ದೊಡ್ಡದಾದಷ್ಟೂ ಕೀಲು ಸಡಿಲ.

ಮುಟ್ಟಿ ಮುನಿಸಿಕೊಂಡ ಗಿಡದಲ್ಲಿ ಅಂತರ ಹೆಚ್ಚಿತು: ಕೀಲಿನ ಕೆಳಪಕ್ಕ ಥಟ್ಟನೆ ನೀರು ಬಿಟ್ಟುಕೊಟ್ಟು ಮೆತ್ತಗಾಗಿತ್ತು. ರಾತ್ರಿಯ ಭಂಗಿಯಲ್ಲಿ ಹಾಗಾಗಲಿಲ್ಲ. ತೊಟ್ಟು ಇಳಿದಿದ್ದರೂ ಕೀಲು ಗಟ್ಟಿಯಾಗಿಯೇ ಇತ್ತು. ಕುಂಡ, ಕೋನಮಾಪಕ, ಒಂದಿಷ್ಟು ತಾಳ್ಮೆ ಬಿಟ್ಟರೆ ಬೇರೆ ಉಪಕರಣ ಇದಕ್ಕೆ ಬೇಕಾಗಲಿಲ್ಲ. ಇನ್ನೊಂದು ವಿಶೇಷವೆಂದರೆ, ಮುಟ್ಟಿದರೆ ಮುನಿಯ ಉದ್ದ ತೊಟ್ಟು ಸಂಜೆ ಇಳಿದದ್ದು ಬೆಳಗಿನವರೆಗೆ ಹಾಗೇ ಉಳಿಯುವುದಿಲ್ಲ. ರಾತ್ರಿಯಲ್ಲೇ ಮತ್ತೆ ಏರತೊಡಗುತ್ತದೆ, ದಳಗಳು ಮಾತ್ರ ಮುಚ್ಚಿಯೇ ಇರುತ್ತವೆ. ಒಂದೇ ಎಲೆಯ ಕೀಲುಗಳು ಬೇರೆ ಬೇರೆ ವೇಳಾಪಟ್ಟಿ ಇಟ್ಟುಕೊಂಡಿವೆ.

ಮುಟ್ಟಿದಾಗಿನ ಮುನಿಸಿನಿಂದ ಏನು ಲಾಭ ಎಂಬುದು ಈಚೆಗೆ ಸ್ಪಷ್ಟವಾಗಿದೆ. 2022ರಲ್ಲಿ ಜಪಾನಿನ ಸಂಶೋಧಕರು ಮಡಚಲಾಗದ ಗಿಡಗಳನ್ನು ರೂಪಿಸಿ, ಅವನ್ನು ಕೀಟಗಳು ಹೆಚ್ಚು ತಿನ್ನುತ್ತವೆ ಎಂದು ತೋರಿಸಿದರು.

ತಪ್ಪು ಕಲ್ಪನೆ: ಎಲೆ ಮುಚ್ಚಿದ ಹುಣಸೆ ಮರ ವಿಷಗಾಳಿ ಬಿಡುತ್ತದೆ, ಕೆಳಗೆ ಮಲಗಬಾರದು.

ವಾಸ್ತವ: ರಾತ್ರಿ ಹುಣಸೆಯಷ್ಟೇ ಅಲ್ಲ, ಎಲ್ಲ ಮರಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಎಲೆ ಮುಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ, ಬಯಲಿನ ಗಾಳಿಯಲ್ಲಿ ಅದು ಬೆರೆತುಹೋಗುತ್ತದೆ. ಸಾನಮಾವಿನ ಕಡೆ ರಾತ್ರಿ ಮರದಡಿ ಮಲಗದಿರಲು ಆನೆಯೇ ಸಾಕಷ್ಟು ಒಳ್ಳೆಯ ಕಾರಣ.

ತಪ್ಪು ಕಲ್ಪನೆ: ಮಳೆಮರ ಎಲೆ ಮಡಚಿದರೆ ಮಳೆ ಬರುತ್ತದೆ.

ವಾಸ್ತವ: ಮೋಡ ಕವಿದು ಬೆಳಕು ತಗ್ಗಿದ್ದಕ್ಕೆ ಅದು ಮಡಚಿದೆ. ಮೋಡ ಸುರಿಸುತ್ತದೋ ಇಲ್ಲವೋ ಮರಕ್ಕೆ ಗೊತ್ತಿಲ್ಲ.

ತಪ್ಪು ಕಲ್ಪನೆ: ಗಿಡದ ನಿದ್ದೆ ಈಚಿನ ಪಾಶ್ಚಾತ್ಯ ವಿಜ್ಞಾನಿಗಳು ಕಂಡುಹಿಡಿದದ್ದು, ಗಿಡಕ್ಕೆ ಜೀವವಿದೆ ಎಂದು ಮೊದಲು ತೋರಿಸಿದ್ದು ನಮ್ಮ ಬೋಸ್.

ವಾಸ್ತವ: ಎರಡೂ ಅರೆಬರೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೊಸ್ಥೆನೀಸ್ ಈಗಿನ ಬಹ್ರೇನ್ ದ್ವೀಪದಲ್ಲಿ ರಾತ್ರಿ ಎಲೆ ಮುಚ್ಚುವ ಮರವೊಂದನ್ನು ಕಂಡು ಬರೆದ. ಅದು ಹುಣಸೆಯೇ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇನ್ನು ಗಿಡಕ್ಕೆ ಜೀವವಿದೆ ಎಂಬುದು ಬೀಜ ಬಿತ್ತಿದ ಯಾರಿಗೂ ಗೊತ್ತಿದ್ದ ಮಾತು. ಜಗದೀಶ್ಚಂದ್ರ ಬೋಸರ ಹಿರಿಮೆ ಅಳತೆಯಲ್ಲಿದೆ. ಮಸಿ ಹಿಡಿಸಿದ ಗಾಜಿನ ಮೇಲೆ ಎಲೆಯೇ ತನ್ನ ಚಲನೆಯನ್ನು ಚುಕ್ಕಿಗಳಾಗಿ ಬರೆಯುವಂಥ ಯಂತ್ರ ಮಾಡಿದರು. ಬಂಗಾಳದ ಫರೀದ್‌ಪುರದಲ್ಲಿ ದೇವಸ್ಥಾನದ ಗಂಟೆ ಬಾರಿಸುವ ಸಂಜೆ ಹೊತ್ತಿಗೆ ತಲೆಬಾಗಿ ಬೆಳಿಗ್ಗೆ ಮೇಲೇಳುವ ಈಚಲು ಮರವೊಂದಿತ್ತು, ಜನ ಕೈಮುಗಿಯುತ್ತಿದ್ದರು. ಬೋಸ್ ಅದರ ಚಲನೆಯನ್ನು ದಾಖಲಿಸಿ, ಅದು ನಡೆಯುವುದು ತಾಪಮಾನದ ಏರಿಳಿತಕ್ಕೆ ತಕ್ಕಂತೆ ಎಂದು ತೀರ್ಮಾನಿಸಿದರು.

ತಪ್ಪು ಕಲ್ಪನೆ: ಚಳಿಯಿಂದ ಉಳಿಯಲು ಎಲೆ ಮಡಚುತ್ತದೆ, ಇದು ಸಾಬೀತಾದ ಮಾತು.

ವಾಸ್ತವ: ಇದು ಚಾರ್ಲ್ಸ್ ಡಾರ್ವಿನ್ ವಾದ. 1880ರಲ್ಲಿ ಮಗ ಫ್ರಾನ್ಸಿಸ್ ನೆರವಿನಿಂದ ಬರೆದ ಗ್ರಂಥದಲ್ಲಿ ಅವನು ಮೊದಲು ಒಂದು ಗಡಿ ಹಾಕಿಕೊಂಡ: ಎಲೆ ಅಡ್ಡಗೆರೆಯಿಂದ ಮೇಲಕ್ಕೋ ಕೆಳಕ್ಕೋ ಕನಿಷ್ಠ 60 ಡಿಗ್ರಿ ವಾಲಿದರೆ ಮಾತ್ರ ಅದನ್ನು ನಿದ್ದೆ ಎನ್ನಬೇಕು. 60 ಡಿಗ್ರಿಗೆ ಎಲೆ ಆಕಾಶಕ್ಕೆ ಒಡ್ಡುವ ಹರವು ಅರ್ಧಕ್ಕಿಳಿಯುತ್ತದೆ, ಶಾಖ ಸೋರುವುದೂ ಅಷ್ಟೇ ತಗ್ಗುತ್ತದೆ ಎಂಬುದು ಅವನ ಲೆಕ್ಕ. ಎಲೆಗಳನ್ನು ಬೆಂಡಿಗೆ ಚುಚ್ಚಿ ಮಡಚದಂತೆ ತಡೆದು ಕೊರೆಯುವ ರಾತ್ರಿಗೆ ಒಡ್ಡಿದಾಗ ಅವೇ ಹೆಚ್ಚು ಹಾಳಾದವು. ಪ್ರಯೋಗ ಚೆನ್ನಾಗಿದೆ, ಆದರೆ ಹಿಮ ಬೀಳದ ಬೆಚ್ಚನೆಯ ನಾಡಿನ ಹುಣಸೆ ಯಾವ ಚಳಿಗೆ ಹೆದರಬೇಕು? ಬೆಳದಿಂಗಳು ಗಡಿಯಾರವನ್ನು ಕೆಡಿಸದಿರಲೆಂದು ಎಲೆ ಮಡಚುತ್ತದೆ ಎಂದು ಬ್ಯೂನಿಂಗ್ ಊಹಿಸಿದ. ಎಲೆ ಮಡಚಿದರೆ ಎಲೆ ತಿನ್ನುವ ಹುಳುಗಳು ಬಯಲಿಗೆ ಬಿದ್ದು ಬೇಟೆಗಾರರಿಗೆ ಸುಲಭವಾಗಿ ಸಿಗುತ್ತವೆ ಎಂಬ ಹೊಸ ಊಹೆಯೂ ಇದೆ. ಎಲ್ಲ ಗಿಡಕ್ಕೂ ಒಂದೇ ಉತ್ತರ ಹುಡುಕುವುದೇ ತಪ್ಪಿರಬಹುದು ಎನ್ನುವುದು ನನ್ನ ಗುಮಾನಿ.

ತಪ್ಪು ಕಲ್ಪನೆ: ಇದನ್ನೆಲ್ಲ ಅಳೆಯಲು ಪ್ರಯೋಗಾಲಯವೇ ಬೇಕು.

ವಾಸ್ತವ: ಕುಂಡದಲ್ಲಿ ಬೆಳೆದ ಹುರುಳಿಕಾಯಿ ಅಥವಾ ಕಡಲೆಕಾಯಿ ಗಿಡ ಸಾಕು. ನಾಚಿಕೆ ಗಿಡ ಬೇಡ, ಅಲುಗಿದರೂ ಮುನಿದು ಲೆಕ್ಕ ಕೆಡಿಸುತ್ತದೆ. ಎಲೆಯ ಹಿಂದೆ ಕೋನಮಾಪಕ ಅಂಟಿಸಿದ ರಟ್ಟು ನಿಲ್ಲಿಸಿ, ಮೊಬೈಲನ್ನು ಕದಲದಂತೆ ಕಟ್ಟಿ, ಗಂಟೆಗೊಂದು ಚಿತ್ರ ತೆಗೆಯಿರಿ. ರಾತ್ರಿ ದೀಪ ಉರಿಸಿಡಬೇಡಿ. ಚಿತ್ರಕ್ಕೆ ಬೇಕಾದಷ್ಟು ಕ್ಷಣ ಮಂದ ಬೆಳಕು ಸಾಕು. ಒಂದೇ ಎಲೆಯನ್ನು ಕೊನೆಯವರೆಗೂ ಹಿಂಬಾಲಿಸಿ, ಎಳೆಯದನ್ನೂ ಬಲಿತದ್ದನ್ನೂ ಬೆರೆಸಬೇಡಿ. ಗಂಟೆಗೆ ಎದುರಾಗಿ ಕೋನ ಬರೆದರೆ ಅಲೆಯೊಂದು ಮೂಡುತ್ತದೆ. ಎರಡನೆಯ ಕುಂಡವನ್ನು ಬೀರುವಿನ ಕತ್ತಲಲ್ಲಿಟ್ಟು ಒಂದೆರಡು ದಿನ ಹೀಗೇ ಅಳೆದರೆ ಆ ಅಲೆ ನಿಲ್ಲುವುದಿಲ್ಲ, ದಿನದಿಂದ ದಿನಕ್ಕೆ ತಗ್ಗುತ್ತ ಮುಂದುವರಿಯುತ್ತದೆ.