ನೌಕರಿಯ ಚಿಂತೆ ಕಟ್ಟಿದ ಓಣಿ

ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ ಕಡೆಯಿಂದ ಡಿಗ್ರಿ ಮುಗಿಸಿ ರಾತ್ರಿ ಬಸ್ಸು ಹತ್ತುವ ನಮ್ಮಂಥವರಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಎಂದರೆ ಇಂಟರ್‌ವ್ಯೂ, ಐಟಿ ಕಂಪನಿ, ಪಿ.ಜಿ. ಮತ್ತು ಟ್ರಾಫಿಕ್. ಅದೇ ವೈಟ್‌ಫೀಲ್ಡ್‌ನಲ್ಲಿ ‘ಇನ್ನರ್ ಸರ್ಕಲ್’ ಎಂಬ ದುಂಡನೆಯ ಓಣಿಯೊಂದಿದೆ. ವಿಕ್ಟೋರಿಯಾ ರಾಣಿಯ ಕಾಲದ ಈ ಓಣಿಯ ಕಥೆಯನ್ನು ಕೆಲಸ ಹುಡುಕುವವರು ಕೇಳಬೇಕು. ಏಕೆಂದರೆ ಅದು ಹುಟ್ಟಿದ್ದೇ ನೌಕರಿಯ ಚಿಂತೆಯಿಂದ.

ಆಗಿನ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಹೆಚ್ಚಿನವು ರೈಲ್ವೆ, ಅಂಚೆ-ತಂತಿ, ಸರ್ಕಾರಿ ಗುಮಾಸ್ತಿಕೆಯನ್ನೇ ನೆಚ್ಚಿಕೊಂಡಿದ್ದವು. 19ನೇ ಶತಮಾನದ ಕೊನೆಗೆ ಆ ಕೆಲಸಗಳಿಗೆ ಪೈಪೋಟಿ ಹೆಚ್ಚಿತು. ಮದ್ರಾಸಿನಲ್ಲಿ ಸಮುದಾಯದ ಸಂಘ ಕಟ್ಟಿದ್ದ ಡಿ.ಎಸ್. ವೈಟ್ ಒಂದು ದಾರಿ ಸೂಚಿಸಿದರು: ನೌಕರಿಗಾಗಿ ಕಾಯುವುದು ಬೇಡ, ಭೂಮಿ ಉಳುಮೆ ಮಾಡೋಣ. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಮೈಸೂರು-ಕೊಡಗಿನ ಸಂಘಕ್ಕೆ 3,900 ಎಕರೆ ಕೊಟ್ಟರು. ವೈಟ್ ಅವರ ಹೆಸರೇ ಊರಿನ ಹೆಸರಾಯಿತು.

ನಡುವೆ ಬಯಲು, ಸುತ್ತ ರಸ್ತೆ, ರಸ್ತೆಗೆ ಮುಖ ಮಾಡಿ ದೊಡ್ಡ ಕಾಂಪೌಂಡಿನೊಳಗೆ ಇಳಿಜಾರು ಹೆಂಚಿನ ಮನೆಗಳು, ಅವುಗಳ ಮುಂದೆ ವರಾಂಡ. 1886ರಲ್ಲಿ ಇಲ್ಲಿ ಮೆಮೋರಿಯಲ್ ಚರ್ಚ್ ಕಟ್ಟಲಾಯಿತು. ಆದರೆ ಅಂದುಕೊಂಡಷ್ಟು ಜನ ಬಂದು ನೆಲೆಸಲಿಲ್ಲ. ಸ್ವಾತಂತ್ರ್ಯದ ನಂತರ ಸಮುದಾಯದ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋದರು. 1990ರ ದಶಕದಲ್ಲಿ ಐಟಿ ಪಾರ್ಕ್ ಬಂದ ಮೇಲೆ ಜಾಗದ ಬೆಲೆ ಏರಿತು. ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಟ್ಟವು. ಈಗ ಉಳಿದಿರುವುದು ಕೆಲವೇ. ನೌಕರಿ ನೆಚ್ಚಬೇಡಿ ಎಂದು ಕಟ್ಟಿದ ಊರಿಗೆ ಇಂದು ರಾಜ್ಯದ ಮೂಲೆಮೂಲೆಯಿಂದ ನೌಕರಿ ಹುಡುಕಿ ಬರುತ್ತಿದ್ದೇವೆ!

ಇದನ್ನು ಓದುವಾಗ ನನಗೆ ನಮ್ಮೂರಿನ ಓಣಿಗಳೇ ಕಣ್ಮುಂದೆ ಬಂದವು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ, ಪಡಸಾಲೆ, ಬಾಗಿಲ ಪಕ್ಕದ ಕಟ್ಟೆ. ಡೋಣಿ ದಂಡೆಯ ಎರೆಹೊಲದ ಜೋಳ, ಕಡಲೆ ನಂಬಿ ಕಟ್ಟಿದ ಮನೆಗಳವು. ಮಾಳಿಗೆ ಸೋರದಿರಬೇಕಾದರೆ ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ಬಡಿಯಬೇಕು. ಮಕ್ಕಳು ಬೆಂಗಳೂರು, ಪುಣೆ ಸೇರಿದ ಮೇಲೆ ಆ ಕೆಲಸ ಮಾಡುವವರಾರು? ಒಂದೆರಡು ಮಳೆಗೆ ತೊಲೆ ಕೊಳೆಯುತ್ತದೆ. ಆಮೇಲೆ ಅಣ್ಣತಮ್ಮಂದಿರ ಪಾಲು, ಜೆಸಿಬಿ, ಆರ್‌ಸಿಸಿ.

ಊರು ಬಿಡುವುದು ತಪ್ಪಲ್ಲ, ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ಎಲ್ಲ ಹಳೆಯ ಮನೆಗಳನ್ನೂ ಉಳಿಸಿಕೊಳ್ಳಲು ಆಗದು ಎಂಬುದೂ ನಿಜ. ಆದರೆ ಅವನ್ನು ಕಟ್ಟಿದವರು ಯಾವ ದುಡಿಮೆಯಿಂದ ಬದುಕಿದರು ಎಂಬುದಾದರೂ ನಮಗೆ ಗೊತ್ತಿರಬೇಕಲ್ಲವೇ? ಇನ್ನರ್ ಸರ್ಕಲ್ಲಿನ ಕಥೆ ದಾಖಲಾಗಿದೆ, ಅದಕ್ಕೇ ಇಂದು ನಾವು ಓದುತ್ತಿದ್ದೇವೆ. ನಮ್ಮ ಓಣಿಗಳ ಕಥೆ ಹಿರಿಯರ ನೆನಪಿನಲ್ಲಷ್ಟೇ ಇದೆ. ಮುಂದಿನ ರಜೆಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಮನೆಯ ನಾಲ್ಕು ಫೋಟೊ ತೆಗೆಯಿರಿ. ಅಜ್ಜನ ಪಕ್ಕ ಕಟ್ಟೆಯ ಮೇಲೆ ಕೂತು, ಈ ಮನೆ ಯಾರು ಕಟ್ಟಿಸಿದರು, ಕಲ್ಲು ಎಲ್ಲಿಂದ ಬಂತು, ದುಡ್ಡು ಎಲ್ಲಿಂದ ಬಂತು ಎಂದು ಕೇಳಿ ಬರೆದಿಡಿ. ಪರೀಕ್ಷೆಯ ನೋಟ್ಸಿನ ಕೊನೆಯ ಪುಟವಾದರೂ ಸಾಕು.